ಸೇತುವೆಯ ಮೇಲಿನ ಆ ಅಮ್ಮ ಯಾರು?



ನಮ್ಮ ಧರ್ಮಕೇಂದ್ರದ ಹಿರಿಯ ದಂಪತಿಗಳು ಮಗಳ ಮನೆಗೆಂದು ಪ್ಯಾರಿಸ್ ನಗರಕ್ಕೆ ಹೋಗಿ ಬಂದರು. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಮೊಬೈಲಿನಲ್ಲಿ ಫೋಟೋಗಳನ್ನು ತೋರಿಸಿದರು. ಐಫೆಲ್ ಗೋಪುರದ ಮುಂದೆ ತೆಗೆದವೇ ನಲವತ್ತು! ಕೊನೆಗೆ ಆ ತಾಯಿ ಸ್ವಲ್ಪ ಮಸುಕಾದ ಒಂದು ಚಿತ್ರವನ್ನು ತೋರಿಸಿ, "ಫಾದರ್, ದೋಣಿಯಲ್ಲಿ ಹೋಗುವಾಗ ಒಂದು ಸೇತುವೆಯ ಮೇಲೆ ಈ ಪ್ರತಿಮೆ ಕಾಣಿಸಿತು. ಮರಿಯಮ್ಮನವರೇ ಅಂದುಕೊಂಡು ಶಿಲುಬೆಯ ಗುರುತು ಹಾಕಿದೆ. ಅಳಿಯಂದಿರು ಅಲ್ಲ ಅಂದರು. ಹಾಗಾದರೆ ಈ ಅಮ್ಮ ಯಾರು?" ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಾವೂ ಆ ದೋಣಿಯನ್ನು ಹತ್ತಬೇಕು. ಬನ್ನಿ, ಒಂದು ಗಂಟೆಯ ಪಯಣ.

ನದಿಯ ಮೇಲೆ

ಪ್ಯಾರಿಸ್ ನಗರದ ನಡುವೆ ಹರಿಯುವ ನದಿಯ ಹೆಸರು ಸೇನ್. ಉದ್ದ ಸುಮಾರು 777 ಕಿಲೋಮೀಟರ್. 2024ರ ಜುಲೈ 26ರಂದು ಒಲಿಂಪಿಕ್ ಕ್ರೀಡಾಪಟುಗಳು ದೋಣಿಗಳಲ್ಲಿ ಮೆರವಣಿಗೆ ಬಂದದ್ದನ್ನು ನೀವು ಟಿವಿಯಲ್ಲಿ ನೋಡಿರಬಹುದು. ಅದು ಇದೇ ನದಿ. ಇದರ ದಡಗಳನ್ನು 1991ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಪ್ರವಾಸಿಗರ ದೋಣಿಗಳಲ್ಲಿ ಹಲವು ಆಲ್ಮಾ ಸೇತುವೆಯ ಬಳಿಯಿಂದ ಹೊರಡುತ್ತವೆ. ಆ ಸೇತುವೆಯ ಕಂಬಕ್ಕೆ ಆನಿಸಿ ನಿಲ್ಲಿಸಿದ ಸೈನಿಕನ ಕಲ್ಲಿನ ಪ್ರತಿಮೆಯೇ ಪ್ಯಾರಿಸ್ ಜನರಿಗೆ ಪ್ರವಾಹದ ಅಳತೆಗೋಲು. 1910ರ ಮಹಾಪ್ರವಾಹದಲ್ಲಿ ನೀರು ಅವನ ಭುಜದವರೆಗೆ ಏರಿತ್ತು. ನದಿ ತುಂಬಿದಾಗ ದೋಣಿಗಳಿಗೆ ಸೇತುವೆಗಳ ಕೆಳಗೆ ನುಸುಳಲು ಜಾಗ ಸಾಲದು, ಪ್ರವಾಸ ನಿಲ್ಲುತ್ತದೆ.

ದೋಣಿ ಪೂರ್ವಕ್ಕೆ, ಹರಿವಿಗೆ ಎದುರಾಗಿ ಸಾಗುತ್ತದೆ. ಮುಂದೆ ಕಾಂಕೋರ್ಡ್ ಸೇತುವೆ. ಕ್ರಾಂತಿಯ ಕಾಲದಲ್ಲಿ ಜನರು ಕೆಡವಿದ ಬಾಸ್ತೀಯ್ ಸೆರೆಮನೆಯ ಕಲ್ಲುಗಳನ್ನು ಇದಕ್ಕೆ ಬಳಸಿದ್ದಾರೆ. ಎಡಕ್ಕೆ ಅರಸರ ಅರಮನೆಯಾಗಿದ್ದ ಲೂವ್ರ್, ಬಲಕ್ಕೆ ಒಂದು ಕಾಲದಲ್ಲಿ ರೈಲು ನಿಲ್ದಾಣವಾಗಿದ್ದ ಓರ್ಸೇ. ಎರಡೂ ಇಂದು ವಸ್ತುಸಂಗ್ರಹಾಲಯಗಳು. ಆಮೇಲೆ ಬರುವ ಸೇತುವೆಯ ಹೆಸರು 'ಹೊಸ ಸೇತುವೆ'. ಆದರೆ ಈಗ ಉಳಿದಿರುವವುಗಳಲ್ಲೆಲ್ಲ ಅದೇ ಹಳೆಯದು, 1607ರಲ್ಲಿ ಮುಗಿದದ್ದು!

ಇಲ್ಲಿ ನದಿ ಎರಡಾಗಿ ಒಡೆದು ನಡುವೆ ಒಂದು ದ್ವೀಪ ಕಾಣುತ್ತದೆ. ಪ್ಯಾರಿಸ್ ನಗರದ ಹಳೆಯ ಹೃದಯ ಇದು. ಬಲಗಡೆ ದುಂಡು ಗೋಪುರಗಳ ಸೆರೆಮನೆ. 1793ರಲ್ಲಿ ರಾಣಿ ಮರಿ ಆಂತ್ವಾನೆತ್ ತನ್ನ ಕೊನೆಯ ದಿನಗಳನ್ನು ಕಳೆದದ್ದು ಇಲ್ಲೇ. ಎಡಗಡೆ ನಗರಸಭೆಯ ಭವ್ಯ ಕಟ್ಟಡ, ಅದರ ಮುಂದೆ ವಿಶಾಲವಾದ ಚೌಕ. ಹಿಂದೆ ಈ ದಡದಲ್ಲೇ ಗೋಧಿ, ದ್ರಾಕ್ಷಾರಸ, ಕಟ್ಟಿಗೆ ತುಂಬಿದ ದೋಣಿಗಳು ಬಂದು ನಿಲ್ಲುತ್ತಿದ್ದವು. ಈ ಚೌಕವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೆ ಬರೋಣ.

ರೊಟ್ಟಿ ಸುಟ್ಟ ಸಂತಳು

ಪಕ್ಕದ ಇನ್ನೊಂದು ದ್ವೀಪವನ್ನು ಸುತ್ತಿ ದೋಣಿ ಹಿಂತಿರುಗುವಾಗ ತೂರ್ನೆಲ್ ಸೇತುವೆ ಎದುರಾಗುತ್ತದೆ. ಅದರ ಪಕ್ಕದ ಎತ್ತರದ ಕಂಬದ ಮೇಲೆ ನಿಂತಿರುವವಳೇ ನಮ್ಮ ಆ ತಾಯಿ ಕೇಳಿದ ಅಮ್ಮ. ಆಕೆ ಸಂತ ಜೆನೆವೀವ್, ಪ್ಯಾರಿಸ್ ನಗರದ ಪಾಲಕಿ. ಜನವರಿ 3 ಆಕೆಯ ಹಬ್ಬ. ಪ್ರತಿಮೆಯನ್ನು 1928ರಲ್ಲಿ ನಿಲ್ಲಿಸಲಾಯಿತು. ಶಿಲ್ಪಿ ಪಾಲ್ ಲ್ಯಾಂಡೋವ್ಸ್ಕಿ. ಬ್ರೆಜಿಲ್ ದೇಶದ ರಿಯೋ ನಗರದಲ್ಲಿ ಬೆಟ್ಟದ ಮೇಲೆ ಕೈಚಾಚಿ ನಿಂತಿರುವ ಪ್ರಭು ಯೇಸುವಿನ ಪ್ರತಿಮೆಯನ್ನು ರೂಪಿಸಿದವರೂ ಇವರೇ. ಜೆನೆವೀವ್ ಮುಂದೆ ಒಬ್ಬ ಪುಟ್ಟ ಬಾಲೆ ನಿಂತಿದ್ದಾಳೆ. ಅವಳು ಪ್ಯಾರಿಸ್ ನಗರದ ಸಂಕೇತ. ಅವಳು ಎದೆಗವಚಿಕೊಂಡಿರುವುದು ಒಂದು ಹಡಗನ್ನು. ಅದು ನಗರದ ಲಾಂಛನ.

ಜೆನೆವೀವ್ ರಾಣಿಯಲ್ಲ, ಮಠಾಧ್ಯಕ್ಷೆಯೂ ಅಲ್ಲ. ದೇವರಿಗೆ ತನ್ನನ್ನು ಅರ್ಪಿಸಿಕೊಂಡ ಒಬ್ಬ ಕನ್ಯೆ. ಕ್ರಿ.ಶ. 451ರಲ್ಲಿ ಹೂಣರ ಅರಸ ಅಟಿಲಾ ದಂಡೆತ್ತಿ ಬರುತ್ತಿದ್ದಾನೆಂಬ ಸುದ್ದಿ ಬಂದಾಗ ಜನರು ಗಂಟುಮೂಟೆ ಕಟ್ಟಿದರು. ಆಕೆ ಹೆಂಗಸರನ್ನು ಸೇರಿಸಿ ಉಪವಾಸ, ಪ್ರಾರ್ಥನೆಗೆ ಕೂರಿಸಿದಳು. ಊರು ಬಿಡಬೇಡಿ ಎಂದು ಗಂಡಸರನ್ನು ಬೇಡಿಕೊಂಡಳು. ಸಿಟ್ಟಿಗೆದ್ದ ಕೆಲವರು ಆಕೆಯನ್ನು ಕಲ್ಲೆಸೆದು ಕೊಲ್ಲುವುದೋ ನೀರಿಗೆ ನೂಕುವುದೋ ಎಂದು ಯೋಚಿಸಿದರಂತೆ. ಆದರೆ ಅಟಿಲಾ ಪ್ಯಾರಿಸ್ ಕಡೆಗೆ ಬರಲಿಲ್ಲ, ಓರ್ಲೆಯಾನ್ ನಗರದತ್ತ ಹೋದ.

ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಮುಂದಿನ ಘಟನೆ. ಕೆಲವು ವರ್ಷಗಳ ಬಳಿಕ ಫ್ರಾಂಕ್ ಜನರು ನಗರವನ್ನು ಮುತ್ತಿದರು. ಒಳಗೆ ಬರಗಾಲ, ಹಸಿವಿನಿಂದ ಸಾವುಗಳು. ಆಗ ಜೆನೆವೀವ್ ಇದೇ ನದಿಯಲ್ಲಿ ದೋಣಿಗಳನ್ನು ಕಟ್ಟಿಕೊಂಡು ಹೊರಟಳು. ಸೇನ್ ಸೇರುವ ಓಬ್ ನದಿಯ ದಡದ ಆರ್ಸಿಸ್ ಊರಿಗೆ, ಆಮೇಲೆ ತ್ರುವಾ ನಗರಕ್ಕೆ ಹೋಗಿ, ಧಾನ್ಯ ತುಂಬಿಸಿಕೊಂಡು ಮರಳಿದಳು. ಎಲ್ಲರಿಗೂ ಹಂಚಿದಳು.

ಅಷ್ಟಕ್ಕೇ ಮುಗಿಯಲಿಲ್ಲ. ಧಾನ್ಯ ಕೊಟ್ಟರೂ ಅದನ್ನು ಬೀಸಿ ಬೇಯಿಸಿಕೊಳ್ಳುವ ಶಕ್ತಿಯೇ ಇಲ್ಲದವರು ಊರಿನಲ್ಲಿದ್ದರು. ಆಕೆ ಅವರನ್ನು ಗಮನಿಸಿದಳು. ಅವರಿಗಾಗಿ ತಾನೇ ರೊಟ್ಟಿ ಸುಡಿಸಿ ಕೊಟ್ಟಳು. ಒಲೆಯ ಬಳಿ ಕೆಲಸ ಮಾಡುತ್ತಿದ್ದ ಹುಡುಗಿಯರು ನೋಡಿದರೆ ಇಟ್ಟ ರೊಟ್ಟಿಗಳಲ್ಲಿ ಎಷ್ಟೋ ಮಾಯ! ಆಕೆಯೇ ತೆಗೆದುಕೊಂಡು ಹೋಗಿ ಬಡವರಿಗೆ ಹಂಚಿಬಿಟ್ಟಿದ್ದಳು ಎಂದು ಆಕೆಯ ಪ್ರಾಚೀನ ಜೀವನಚರಿತ್ರೆ ಹೇಳುತ್ತದೆ.

ನದಿಯ ನೀರೂ ಬೂದಿಯೂ

ಸೇತುವೆ ದಾಟುತ್ತಿದ್ದಂತೆ ಎದುರಿಗೆ ನೋತ್ರ್ ದಾಮ್ ಪ್ರಧಾನಾಲಯ. ನೋತ್ರ್ ದಾಮ್ ಎಂದರೆ 'ನಮ್ಮ ಮಾತೆ'. 1163ರ ಸುಮಾರಿಗೆ ಧರ್ಮಾಧ್ಯಕ್ಷ ಮೋರಿಸ್ ದ ಸುಲ್ಲಿ ಅವರ ಕಾಲದಲ್ಲಿ ಕಟ್ಟಡ ಆರಂಭವಾಯಿತು. 2019ರ ಏಪ್ರಿಲ್ 15, ಪವಿತ್ರ ವಾರದ ಸೋಮವಾರ ಸಂಜೆ, ಅದರ ಚಾವಣಿ ಹೊತ್ತಿ ಉರಿದು ಚೂಪು ಗೋಪುರ ಕುಸಿದದ್ದನ್ನು ಜಗತ್ತೇ ಕಣ್ಣೀರಿಟ್ಟು ನೋಡಿತು. ಅಂದು ಅಗ್ನಿಶಾಮಕ ದಳದವರು ದೋಣಿಯನ್ನು ತಂದು ಸೇನ್ ನದಿಯ ನೀರನ್ನೇ ಪಂಪ್ ಮಾಡಿ ಬೆಂಕಿಗೆ ಹಾಯಿಸಿದರು. ಪ್ರಭುವಿನ ಮುಳ್ಳಿನ ಕಿರೀಟ ಉಳಿಯಿತು, ಗಂಟೆಗೋಪುರಗಳು ಉಳಿದವು. 2024ರ ಡಿಸೆಂಬರ್ 7ರಂದು ಪ್ರಧಾನಾಲಯದ ಬಾಗಿಲು ಮತ್ತೆ ತೆರೆಯಿತು. ಕುಸಿದ ಗೋಪುರದ ತುದಿಯಲ್ಲಿದ್ದ ತಾಮ್ರದ ಹುಂಜದೊಳಗೆ ಜೆನೆವೀವ್ ಸಂತಳ ಅವಶೇಷವೂ ಇತ್ತು. ಜಜ್ಜಿಹೋಗಿದ್ದ ಆ ಹುಂಜ ಅವಶೇಷಗಳ ಸಮೇತ ಸಿಕ್ಕಿತು.

ಈಗ ಆ ಚೌಕದ ಮಾತು. ಸಂತಳ ಶರೀರದ ಉಳಿದ ಅವಶೇಷಗಳನ್ನು ಜನರು ಶತಮಾನಗಳ ಕಾಲ ಗೌರವಿಸಿದ್ದರು. ಆದರೆ 1793ರಲ್ಲಿ ಕ್ರಾಂತಿಕಾರಿಗಳು ಅವನ್ನು ನಗರಸಭೆಯ ಮುಂದಿನ ಅದೇ ಚೌಕದಲ್ಲಿ ಸುಟ್ಟು ಬೂದಿಯನ್ನು ಸೇನ್ ನದಿಗೆ ಎಸೆದರು. ಯಾವ ನೀರಿನ ಮೇಲೆ ಆಕೆ ಧಾನ್ಯ ತಂದಿದ್ದಳೋ ಅದೇ ನೀರು ಆಕೆಯ ಸಮಾಧಿಯಾಯಿತು. ಪ್ರವಾಸಿಗಳ ದೋಣಿಗಳು ಅದರ ಮೇಲೆಯೇ ಸಾಗುತ್ತವೆ. ಹಡಗಿನ ಲಾಂಛನದ ಕೆಳಗೆ ನಗರದ ಧ್ಯೇಯವಾಕ್ಯವಿದೆ: ಅಲೆಗಳು ಹೊಯ್ದಾಡಿಸಿದರೂ ಅದು ಮುಳುಗದು ಎಂಬುದು ಅದರ ಅರ್ಥ.

ನಮ್ಮ ಮನೆಯ ಬಾಗಿಲಿಗೆ

ಪ್ರಿಯರೇ, ಈ ಕಥೆ ನನ್ನನ್ನು ಕಾಡಿದ್ದಕ್ಕೆ ಕಾರಣವಿದೆ. 2020ರ ಲಾಕ್‌ಡೌನ್ ದಿನಗಳಲ್ಲಿ ನಾವು ಮನೆಮನೆಗೆ ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಹಂಚಿದೆವು. ಒಬ್ಬಂಟಿಯಾಗಿದ್ದ ಒಬ್ಬ ಅಜ್ಜಿಯ ಬಾಗಿಲಲ್ಲಿ ಚೀಲವನ್ನಿಟ್ಟು, ಪಟ್ಟಿಯಲ್ಲಿ ಗುರುತು ಹಾಕಿ, ತೃಪ್ತಿಯಿಂದ ಮುಂದೆ ನಡೆದವನು ನಾನೇ. ಹತ್ತು ದಿನಗಳ ನಂತರ ಹೋದಾಗ ಚೀಲದ ಗಂಟು ಬಿಚ್ಚಿರಲಿಲ್ಲ. ಸಿಲಿಂಡರ್ ಖಾಲಿಯಾಗಿತ್ತು, ಕೈನಡುಕದಿಂದ ಸೌದೆ ಒಲೆ ಹಚ್ಚಲು ಅವರಿಗೆ ಆಗುತ್ತಿರಲಿಲ್ಲ. ಪಕ್ಕದ ಮನೆಯವರು ಆಗಾಗ ಕೊಟ್ಟ ಗಂಜಿಯಲ್ಲಿ ಜೀವ ಹಿಡಿದಿದ್ದರು. "ನೀವು ಕೊಟ್ಟದ್ದು ಹಾಗೇ ಇದೆ ಸ್ವಾಮಿ, ಬೇರೆ ಯಾರಿಗಾದರೂ ಕೊಡಿ" ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ನಾನು ಧಾನ್ಯ ಕೊಟ್ಟಿದ್ದೆ. ರೊಟ್ಟಿ ಕೊಟ್ಟಿರಲಿಲ್ಲ.

ಪ್ರಭು ಯೇಸು ಯಾಯಿರನ ಮಗಳನ್ನು ಬದುಕಿಸಿದಾಗ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮಗುವಿಗೆ ಊಟ ಕೊಡಿ ಎಂದು ಮನೆಯವರಿಗೆ ನೆನಪಿಸಿದರು. ಎಲ್ಲರೂ ಅದ್ಭುತವನ್ನು ನೋಡುತ್ತಿದ್ದಾಗ ಅವರ ಕಣ್ಣು ಮಗುವಿನ ಹಸಿವಿನ ಮೇಲಿತ್ತು. ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿರುವ ಸಂತ ವಿನ್ಸೆಂಟ್ ದೆ ಪಾಲ್ ಸಭೆ ಹುಟ್ಟಿದ್ದೂ ಇದೇ ಪ್ಯಾರಿಸ್ ನಗರದಲ್ಲಿ, 1833ರಲ್ಲಿ. ಆಗ ಫ್ರೆಡರಿಕ್ ಓಜನಾಮ್ ಇಪ್ಪತ್ತರ ವಿದ್ಯಾರ್ಥಿ. ಬಡವರ ಮನೆಗೆ ತಾವೇ ಹೋಗಿ ಕುಳಿತು ಮಾತನಾಡುವುದು ಆರಂಭದಿಂದಲೂ ಆ ಸಭೆಯ ಮುಖ್ಯ ಸೇವೆ. ಬಾಗಿಲಲ್ಲಿ ಚೀಲವಿಟ್ಟು ಬರುವವನಿಗೆ ಒಳಗಿನ ತಣ್ಣನೆಯ ಒಲೆ ಕಾಣುವುದಿಲ್ಲ.

ಆ ತಾಯಿಗೆ ನಾನು ಹೇಳಿದೆ: "ಅಮ್ಮಾ, ನೀವು ಹಾಕಿದ ಶಿಲುಬೆಯ ಗುರುತು ವ್ಯರ್ಥವಾಗಲಿಲ್ಲ. ಆಕೆ ಮರಿಯಮ್ಮನವರಲ್ಲ, ಆದರೆ ಅವರ ಮಗಳೇ." ಮುಂದಿನ ವಾರ ಅವರು ಪೂಜೆಗೆ ಬಂದಾಗ ಕೈಯಲ್ಲಿ ಊಟದ ಡಬ್ಬಿಯಿತ್ತು. ಯಾರಿಗೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪೂಜೆ ಮುಗಿಯುತ್ತಲೇ ಡಬ್ಬಿ ಆರುವ ಮುನ್ನ ಹೊರಟುಬಿಟ್ಟರು.

ನಿಮ್ಮಲ್ಲಿ ಯಾರಾದರೂ ಆ ನದಿಯಲ್ಲಿ ಪಯಣಿಸುವ ಭಾಗ್ಯ ಪಡೆದರೆ ಐಫೆಲ್ ಗೋಪುರವನ್ನು ಕಣ್ತುಂಬ ನೋಡಿರಿ. ತೂರ್ನೆಲ್ ಸೇತುವೆ ಬಂದಾಗ ಮಾತ್ರ ಒಂದು ಕ್ಷಣ ಕ್ಯಾಮೆರಾ ಇಳಿಸಿ ಕೈಮುಗಿಯಿರಿ. ಹೋಗಲಾಗದವರಿಗೂ ಕೊರತೆಯೇನಿಲ್ಲ. ಈ ಜನವರಿ 3ರಂದು ನಿಮ್ಮ ಬೀದಿಯಲ್ಲಿ ಒಲೆ ಹಚ್ಚಲಾಗದ ಮನೆ ಯಾವುದೆಂದು ಹುಡುಕಿ, ಬಿಸಿಯಾದ ಒಂದು ಊಟ ಕೊಂಡೊಯ್ಯಿರಿ. ಹತ್ತು ನಿಮಿಷ ಅಲ್ಲೇ ಕುಳಿತು ಬನ್ನಿರಿ.

ಸಂತ ಜೆನೆವೀವ್ ನಮಗಾಗಿ ಪ್ರಾರ್ಥಿಸಲಿ. ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.