ಹಗಲಿನ ಬಿಸಿಲು, ಸಂಜೆಯ ಕಲ್ಲಿದ್ದಲು

*ಸೌರವಿದ್ಯುತ್ತಿನಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿತು. ಆದರೆ ಹೊತ್ತು ಮುಳುಗಿದ ಮೇಲಿನ ನಾಲ್ಕು ತಾಸಿಗೆ ನಮ್ಮ ನೀತಿ ಇನ್ನೂ ಉತ್ತರ ಕೊಟ್ಟಿಲ್ಲ.*

ತುಮಕೂರು ಜಿಲ್ಲೆಯ ಪಾವಗಡ ಬರಕ್ಕೆ ಹೆಸರಾದ ತಾಲ್ಲೂಕು. ಮಳೆ ನಂಬಿ ಶೇಂಗಾ ಬಿತ್ತಿ, ಮಳೆ ಕೈಕೊಟ್ಟಾಗ ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ಜನ ಇಲ್ಲಿಯವರು. ಇಂದು ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಫಲಕಗಳು ಸಾಲುಗಟ್ಟಿವೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವಾಟ್. ರಾಯಚೂರಿನ ಶಾಖೋತ್ಪನ್ನ ಕೇಂದ್ರದ್ದು 1,720 ಮೆಗಾವಾಟ್.

ಅಂಕಿಗಳನ್ನಷ್ಟೇ ನೋಡಿದರೆ ಗೆಲುವು ಬಿಸಿಲಿನದೇ. ಆದರೆ ಸಂಜೆ ಆರೂವರೆಯ ಹೊತ್ತಿಗೆ ಪಾವಗಡದ ಉತ್ಪಾದನೆ ಸೊನ್ನೆಗೆ ಇಳಿದಿರುತ್ತದೆ. ಸರಿಯಾಗಿ ಅದೇ ವೇಳೆಗೆ ಬೆಂಗಳೂರಿನ ಮನೆಗಳಲ್ಲಿ ದೀಪ, ಫ್ಯಾನ್, ಎಸಿ, ಟಿವಿ ಒಟ್ಟಿಗೆ ಚಾಲೂ ಆಗುತ್ತವೆ. ಆ ಹೊರೆಯ ದೊಡ್ಡ ಪಾಲನ್ನು ಹೊರುವುದು ರಾಯಚೂರು, ಬಳ್ಳಾರಿ, ಯರಮರಸ್‌ನ ಬಾಯ್ಲರ್‌ಗಳು. ಅಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಸುಡಬೇಕು. ಚಿಮಣಿಯಿಂದ ಒಂದು ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಇಡೀ ದೇಶದ ಚಿತ್ರವೂ ಇದೇ. 2021ರ ಗ್ಲಾಸ್ಗೊ ಸಮ್ಮೇಳನದಲ್ಲಿ ಭಾರತ 2070ಕ್ಕೆ ನಿವ್ವಳ ಶೂನ್ಯದ ಮಾತು ಕೊಟ್ಟಿತು. ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಪಳೆಯುಳಿಕೆ ಇಂಧನದ ಹೊರಗಿನಿಂದ ಬರಬೇಕೆಂಬ ಗುರಿಯನ್ನು ಐದು ವರ್ಷ ಮೊದಲೇ, 2025ರಲ್ಲಿ ಮುಟ್ಟಿತು. ಹೆಮ್ಮೆ ಪಡಬೇಕಾದ ಸಾಧನೆ ಅದು. ಆದರೂ ನಿಜವಾಗಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಶೇ 70ರ ಆಸುಪಾಸು ಇಂದಿಗೂ ಕಲ್ಲಿದ್ದಲಿನದೇ. ಭೂಮಿಯ ಬಿಸಿ ಏರುವುದು ನಾವು ಎಷ್ಟು ಫಲಕ ಹಾಕಿದೆವು ಎಂಬುದರ ಮೇಲಲ್ಲ, ಎಷ್ಟು ಕಲ್ಲಿದ್ದಲು ಸುಟ್ಟೆವು ಎಂಬುದರ ಮೇಲೆ. 2015ರ ಪ್ಯಾರಿಸ್ ಒಪ್ಪಂದ 1.5 ಡಿಗ್ರಿಯ ಗಡಿ ಹೇಳಿತ್ತು. 2024ರ ಸರಾಸರಿ ಉಷ್ಣಾಂಶ ಆ ಗಡಿಯನ್ನೂ ದಾಟಿತು.

ಪಂಪ್‌ಸೆಟ್ಟಿನ ಹೊತ್ತು ಬದಲಿಸಿ

ಮೊದಲ ಪರಿಹಾರ ಹೊಲದಲ್ಲೇ ಇದೆ. ರಾಜ್ಯದ ವಿದ್ಯುತ್ ಬಳಕೆಯ ಮೂರನೇ ಒಂದರಷ್ಟು ಕೃಷಿ ಪಂಪ್‌ಸೆಟ್‌ಗಳದ್ದು. 10 ಎಚ್‌ಪಿವರೆಗೆ ಬಿಲ್ಲೂ ಇಲ್ಲ. ನಡುರಾತ್ರಿ ತ್ರೀ ಫೇಸ್ ಬಂತೆಂದು ಟಾರ್ಚ್ ಹಿಡಿದು ಹೊರಟ ರೈತ ಹಾವು, ಚಿರತೆ, ಕರಡಿಗಳ ಭಯದಲ್ಲೇ ಸ್ಟಾರ್ಟರ್ ಒತ್ತಿದ ಕಾಲ ಬಹಳ ದೂರದ್ದಲ್ಲ. ಪಂಪು ಹಗಲೇ ಓಡಿದರೆ ರಾತ್ರಿಯ ಹೊರೆ ಇಳಿಯುತ್ತದೆ, ಜೀವಭಯವೂ ತಪ್ಪುತ್ತದೆ. ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೌರ ಘಟಕ ಹಾಕಿ ಆ ಫೀಡರ್‌ನ ಪಂಪ್‌ಗಳಿಗೆ ಕೊಡುವ ‘ಕುಸುಮ್’ ಯೋಜನೆಯ ದಾರಿ ಇದೇ. ತಂತಿಯ ದೂರ ಕಡಿಮೆ, ಸೋರಿಕೆ ಕಡಿಮೆ. ಆದರೆ ಹಗಲು ಕರೆಂಟಿನ ಜೊತೆಗೆ ಹನಿ ನೀರಾವರಿಯೂ ಬಾರದಿದ್ದರೆ ಅಂತರ್ಜಲ ಇನ್ನೂ ಪಾತಾಳಕ್ಕೆ ಇಳಿದೀತು.

ನಗರಗಳಿಗೂ ಇದೇ ನ್ಯಾಯ ಅನ್ವಯಿಸಬೇಕು. ಸೌರ ವೇಳೆಯಲ್ಲಿ ದರ ಕನಿಷ್ಠ ಶೇ 20 ಅಗ್ಗವಾಗಿರಬೇಕು, ಸಂಜೆಯ ಒತ್ತಡದ ವೇಳೆಯಲ್ಲಿ ದುಬಾರಿಯಾಗಬೇಕು ಎಂದು ಕೇಂದ್ರದ 2023ರ ನಿಯಮ ಹೇಳುತ್ತದೆ. ಗಂಟೆ ಲೆಕ್ಕದ ಮೀಟರ್ ಮನೆಗೆ ಬರುವವರೆಗೆ ಅದು ಕಾಗದದ ಮೇಲಿನ ಮಾತು.

ಕೂಡಿಡುವುದು ಎಲ್ಲಿ?

ಉಳಿದ ಹಗಲಿನ ಕರೆಂಟನ್ನು ಸಂಜೆಗೆ ಎತ್ತಿಡಲೇಬೇಕು. ಸಂಜೆಯ ಕೊರತೆಗೆ ಹೊಳೆಯ ಜಲವಿದ್ಯುತ್ತನ್ನೇ ನೆಚ್ಚಿ ಕೂರುವಂತಿಲ್ಲ ಎಂಬುದನ್ನು 2023ರ ಬರ ಕಲಿಸಿದೆ: ಆ ವರ್ಷ ಜಲಾಶಯಗಳು ತುಂಬಲಿಲ್ಲ, ಲೋಡ್‌ಶೆಡ್ಡಿಂಗ್ ಮರಳಿತು. ಈಗ ಮುಂದಿಟ್ಟಿರುವ ಉತ್ತರ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್. ಅಗ್ಗದ ಕರೆಂಟಿನಲ್ಲಿ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ಪಡೆಯುವ ಉಪಾಯ. ಇಂಥ ಘಟಕಗಳು ಪಡೆದ 100 ಯೂನಿಟ್‌ಗೆ 75ರಿಂದ 80 ಯೂನಿಟ್ ಹಿಂದಿರುಗಿಸುತ್ತವೆ. ತಂತ್ರ ಒಳ್ಳೆಯದು, ಜಾಗ ತಪ್ಪು. ಅದು ಸಿಂಗಳೀಕಗಳ ಅಭಯಾರಣ್ಯ. ಇಂಗಾಲ ಹೀರುವ ಮಳೆಕಾಡನ್ನೇ ಕಡಿದು ಇಂಗಾಲ ತಗ್ಗಿಸುತ್ತೇವೆಂಬ ವಾದವನ್ನು ಮಲೆನಾಡಿನ ಜನ ಒಪ್ಪದಿರುವುದು ಸರಿಯಾಗಿದೆ. ಕಾಡಿನ ಹೊರಗಿನ ಬೋಳುಗುಡ್ಡಗಳನ್ನು, ಸಬ್‌ಸ್ಟೇಷನ್ ಅಂಗಳದ ಬ್ಯಾಟರಿಗಳನ್ನು ಮೊದಲು ಪರಿಗಣಿಸಬೇಕು.

ಲಾಭ ಯಾರ ಪಾಲಿಗೆ?

ಪಾವಗಡದಲ್ಲಿ ಸರ್ಕಾರ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಮೂರೆಕರೆಯವನಿಗೆ ಮಳೆ ಬರಲಿ ಬಿಡಲಿ 63,000 ರೂಪಾಯಿ ಖಾತ್ರಿ. ದೇಶದ ಉಳಿದೆಡೆಗೆ ಇದು ಮಾದರಿ. ಆದರೆ ಜಮೀನೇ ಇಲ್ಲದವರಿಗೆ ಬಾಡಿಗೆ ಎಲ್ಲಿಂದ ಬರಬೇಕು? ಶೇಂಗಾ ಕೀಳುತ್ತಿದ್ದ, ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳ ಕೂಲಿ ಹೋಯಿತು. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಫಲಕ ಒರೆಸುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಸಿಕ್ಕಿದ್ದು ಕೆಲವರಿಗಷ್ಟೆ.

ಆದ್ದರಿಂದ ಮುಂದಿನ ಸೌರ ನೀತಿ ಮೆಗಾವಾಟ್ ಗುರಿಯೊಂದರಲ್ಲೇ ಮುಗಿಯಬಾರದು. ಸಂಜೆಯ ಉತ್ಪಾದನೆಯಲ್ಲಿ ಕಲ್ಲಿದ್ದಲಿನ ಪಾಲು ಎಷ್ಟು ಇಳಿಯಿತು ಎಂಬ ಲೆಕ್ಕವನ್ನು ಸರ್ಕಾರ ಪ್ರತಿವರ್ಷ ಸದನದ ಮುಂದಿಡಲಿ. ಪ್ರತಿ ಸೋಲಾರ್ ಪಾರ್ಕ್‌ನ ಆದಾಯದಲ್ಲಿ ಭೂರಹಿತರಿಗೆ ಕಾನೂನುಬದ್ಧ ಪಾಲು ಸಿಗಲಿ. ಇವೆರಡೂ ಸೇರಿದರೆ ಮಾತ್ರ ಅದನ್ನು ಹವಾಮಾನ ನೀತಿ ಎನ್ನಬಹುದು. ಪಾವಗಡದಷ್ಟು ದೊಡ್ಡ ಕೆಲಸ ಮಾಡಿ ತೋರಿಸಿದ ರಾಜ್ಯಕ್ಕೆ ಇದು ಮೀರಿದ್ದೇನಲ್ಲ.