ದಿನಸಿಯ ವೆಚ್ಚದಲ್ಲಿ ಮಿತವ್ಯಯ



ಗೃಹಸ್ಥನ ಕೈಗೆ ಬಂದ ಹಣವು ಯಾವ ಯಾವ ದಾರಿಯಿಂದ ಹೊರಗೆ ಹೋಗುತ್ತದೆಂದು ವಿಚಾರಿಸಿ ನೋಡಿದರೆ, ಮನೆಯ ಬಾಡಿಗೆ, ಮಕ್ಕಳ ವಿದ್ಯಾಭ್ಯಾಸ, ದೀಪದ ಖರ್ಚು ಇವೆಲ್ಲವೂ ಎಣಿಕೆಗೆ ಸಿಕ್ಕುವಂಥವು. ಎಣಿಕೆಗೆ ಸಿಕ್ಕದೆ ಹರಿದುಹೋಗುವುದು ದಿನಸಿಯ ವೆಚ್ಚ. ಬಾಡಿಗೆಯನ್ನು ತಿಂಗಳಿಗೊಮ್ಮೆ ಕೊಡುತ್ತೇವೆ. ದಿನಸಿಗಾಗಿ ತಿಂಗಳಿಗೆ ಇಪ್ಪತ್ತು ಮೂವತ್ತು ಸಲ ಕೈಚೀಲವನ್ನು ಬಿಚ್ಚುತ್ತೇವೆ. ಒಂದೊಂದು ಸಲ ಹೋಗುವುದು ಅಲ್ಪವೇ. ಆದರೆ ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯು ಉಳಿತಾಯಕ್ಕೆ ಹೇಗೋ ಹಾಗೆಯೇ ನಷ್ಟಕ್ಕೂ ಅನ್ವಯಿಸುತ್ತದೆ.

ಮಿತವ್ಯಯವೆಂದೊಡನೆ ಕೆಲವರು ಹೊಟ್ಟೆಗೆ ಕಡಮೆ ಹಾಕುವುದೆಂದು ಭಾವಿಸುತ್ತಾರೆ. ಇದು ತಪ್ಪು. ಅದೇ ಆಹಾರವನ್ನು, ಸಾಧ್ಯವಾದರೆ ಅದಕ್ಕಿಂತ ಉತ್ತಮವಾದ ಆಹಾರವನ್ನು, ಕಡಮೆ ಹಣಕ್ಕೆ ಪಡೆಯುವುದೇ ಮಿತವ್ಯಯ. ಇದರ ಮೂಲತತ್ತ್ವಗಳನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ, ಶಿವನಸಮುದ್ರದ ನೆರೆಸೀಮೆಯಲ್ಲಿರುವ ಬೆಳಕವಾಡಿಯಂಥ ಊರಿನ ಹಳೆಯ ಒಕ್ಕಲು ಮನೆಯನ್ನು ಮನಸ್ಸಿಗೆ ತಂದುಕೊಂಡರೆ ಸಾಕು.

ಆ ಸೀಮೆಯಲ್ಲಿ ಮುಂಗಾರಿನಲ್ಲಿ ಬಿತ್ತಿದ ರಾಗಿ ಕಾರ್ತಿಕ ಮಾರ್ಗಶಿರಗಳ ಹೊತ್ತಿಗೆ ಕೊಯ್ಲಿಗೆ ಬರುತ್ತದೆ; ಅದರ ಬೆನ್ನಿಗೇ ಅವರೆ, ಹುರುಳಿ; ಬೇಸಗೆಯ ಮೊದಲಲ್ಲಿ ಹುಣಿಸೆ. ಸುಗ್ಗಿಯಲ್ಲಿ ಬಂದುದನ್ನು ವರ್ಷಕ್ಕೆಂದು ಅಳೆದು, ಬೀಜಕ್ಕಿಷ್ಟು, ಊಟಕ್ಕಿಷ್ಟು, ಬಂದು ಹೋಗುವವರಿಗಿಷ್ಟು ಎಂದು ತೆಗೆದಿರಿಸಿ, ಮಿಕ್ಕುದನ್ನು ಮಾತ್ರ ಮಾರುವುದು ಅನುಕೂಲಸ್ಥರ ಪದ್ಧತಿಯಾಗಿದ್ದಿತು. ಸಾಲದ ಒತ್ತಡಕ್ಕೆ ಸಿಕ್ಕಿದವನಾದರೋ ಧಾರಣೆ ಇಳಿದಿರುವ ಸುಗ್ಗಿಯಲ್ಲಿಯೇ ರಾಗಿಯನ್ನೆಲ್ಲ ಮಾರಿ, ಆಷಾಢದಲ್ಲಿ ಅದೇ ರಾಗಿಯನ್ನು ಏರಿದ ಬೆಲೆಗೆ ಕೊಳ್ಳಬೇಕಾಗುತ್ತಿದ್ದಿತು. ಬೆಳೆ ಇಬ್ಬರಿಗೂ ಒಂದೇ. ಬಡತನ ಒಬ್ಬನಿಗೆ ಮಾತ್ರ. ಧಾನ್ಯವನ್ನು ಕಾಯ್ದಿರಿಸಲು ಶಕ್ತಿಯಿಲ್ಲದವನು ಧಾನ್ಯಕ್ಕೆ ಹೆಚ್ಚು ಬೆಲೆ ತೆರುತ್ತಾನೆಂಬುದು ಇಲ್ಲಿಯ ಮೊದಲನೆಯ ಪಾಠ.

ಕನ್ನಂಬಾಡಿಯಲ್ಲಿ 1911ರಲ್ಲಿ ಮೊದಲಾದ ಅಣೆಕಟ್ಟಿನ ಕೆಲಸ ಮುಗಿದು ನಾಲೆಯ ನೀರು ಹರಿದ ಬಳಿಕ, ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದ ಬಳಿಕ, ಈ ಜಿಲ್ಲೆಯ ಅನೇಕ ಹೊಲಗಳಲ್ಲಿ ರಾಗಿಯ ಸ್ಥಾನವನ್ನು ಭತ್ತ, ಕಬ್ಬುಗಳು ಆಕ್ರಮಿಸಿದವು. ಕಬ್ಬಿನ ಹಣವು ವರ್ಷಕ್ಕೊಮ್ಮೆ ಒಟ್ಟಾಗಿ ಬರುತ್ತದೆ. ಹಸಿವು ಪ್ರತಿದಿನವೂ ಬರುತ್ತದೆ. ಕಣಜವನ್ನು ನೋಡಿ ಲೆಕ್ಕ ಹಾಕುತ್ತಿದ್ದ ಒಕ್ಕಲು ಮನೆಯೂ ಅಂಗಡಿಯನ್ನು ನಂಬಬೇಕಾಯಿತು. ಈ ಅಂಶದಲ್ಲಿ ಕಬ್ಬು ಬೆಳೆಯುವವನಿಗೂ ತಿಂಗಳ ಸಂಬಳ ತರುವ ಪಟ್ಟಣಿಗನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಇಬ್ಬರೂ ಒಂದು ದಿನ ಬಂದ ಹಣವನ್ನು ಹಲವು ದಿನಗಳಿಗೆ ಹಂಚಬೇಕಾದವರು.

ಹಾಗಾದರೆ ಪಟ್ಟಣದ ಗೃಹಸ್ಥನು ಮಾಡತಕ್ಕದ್ದೇನು? ಮೊದಲನೆಯದಾಗಿ, ಕೆಡದೆ ಉಳಿಯುವ ಪದಾರ್ಥಗಳನ್ನು ಅವುಗಳ ಕಾಲದಲ್ಲಿ ಕೊಳ್ಳಬೇಕು. ರಾಗಿ, ಹುಣಿಸೆಹಣ್ಣು, ಒಣಮೆಣಸಿನಕಾಯಿ, ಕಾಳುಗಳು ಈ ಜಾತಿಯವು. ಇವುಗಳಲ್ಲಿ ರಾಗಿಗೆ ಅಗ್ರಸ್ಥಾನ. ಅದರ ಕಾಳು ಸಣ್ಣದು, ಗಟ್ಟಿಯಾದುದು. ಹುಳು ಸುಲಭವಾಗಿ ತಾಗದು. ಹಿಂದೆ ಅದನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಧಾನ್ಯವೂ ಹುಳುವೂ ಉಸಿರಾಡಿ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಅನಂತರ ಹುಳು ಬದುಕಲಾರದು. ಹಗೇವನ್ನು ತೆರೆದೊಡನೆ ಅದರೊಳಕ್ಕೆ ಇಳಿಯಬಾರದೆಂದು ಹಿರಿಯರು ಎಚ್ಚರಿಸುತ್ತಿದ್ದುದಕ್ಕೂ ಇದೇ ಕಾರಣ. ಪಟ್ಟಣದ ಮನೆಯಲ್ಲಿ ಹಗೇವಿಲ್ಲ. ಆದರೆ ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಆರಿಸಿ, ಗಾಳಿಯಾಡದಂತೆ ಮುಚ್ಚಳ ಬಿಗಿದ ಡಬ್ಬದಲ್ಲಿ ತುಂಬಿದರೆ ಅದೇ ತತ್ತ್ವವು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ತೊಗರಿಬೇಳೆಗೆ ಸ್ವಲ್ಪ ಹರಳೆಣ್ಣೆ ಸವರಿ ಇಡುವುದು ನಮ್ಮ ಅಜ್ಜಿಯರಿಗೆಲ್ಲ ತಿಳಿದಿದ್ದ ಉಪಾಯ. ಹಿಟ್ಟಿಗಿಂತ ಕಾಳು ಹೆಚ್ಚು ಕಾಲ ನಿಲ್ಲುವುದರಿಂದ, ಕಾಳನ್ನು ಕೊಂಡು ಬೇಕಾದಷ್ಟನ್ನು ಮಾತ್ರ ಬೀಸಿಸುವುದು ಲೇಸು.

ಎರಡನೆಯದು, ಬೆಲೆಯನ್ನು ಅಳತೆಯೊಡನೆ ಸೇರಿಸಿ ನೋಡುವುದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಾಲು ಕಿಲೋ ಬೇಳೆಯ ಪೊಟ್ಟಣಕ್ಕೆ 45 ರೂಪಾಯಿ, ಒಂದು ಕಿಲೋ ಪೊಟ್ಟಣಕ್ಕೆ 160 ರೂಪಾಯಿ ಎಂದಿರಲಿ. ಸಣ್ಣ ಪೊಟ್ಟಣದ ಮೇರೆಗೆ ಕಿಲೋಗೆ ಬೀಳುವುದು 180 ರೂಪಾಯಿ. ತಿಂಗಳಿಗೆ 3 ಕಿಲೋ ಬೇಳೆ ಬೇಕಾಗುವ ಸಂಸಾರಕ್ಕೆ ಇದರಿಂದ ತಿಂಗಳಿಗೆ 60 ರೂಪಾಯಿ, ವರ್ಷಕ್ಕೆ 720 ರೂಪಾಯಿ ನಷ್ಟ. ಇದು ಒಂದೇ ಪದಾರ್ಥದ ಮಾತು. ಆದರೆ ಇದಕ್ಕೊಂದು ಮಿತಿಯೂ ಉಂಟು. ದೊಡ್ಡ ಪೊಟ್ಟಣದಲ್ಲಿ ಒಂಬತ್ತನೆಯ ಒಂದು ಪಾಲು, ಎಂದರೆ ಸುಮಾರು 111 ಗ್ರಾಂ, ಹುಳು ಹಿಡಿದು ಚೆಲ್ಲಿಹೋದರೆ ಉಳಿದ ಬೇಳೆಯೂ ಕಿಲೋಗೆ 180 ರೂಪಾಯಿಯೇ ಆಗುತ್ತದೆ. ಲಾಭವೆಲ್ಲ ಅಲ್ಲಿಗೆ ಮುಗಿಯಿತು. ಆದ್ದರಿಂದ ಕಾಪಾಡಬಲ್ಲಷ್ಟನ್ನು ಮಾತ್ರ ಕೊಳ್ಳಬೇಕು.

ಹಿಂದೆ ಈ ಲೆಕ್ಕವು ಬಲು ತೊಡಕಿನದಾಗಿದ್ದಿತು. ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. ತಲೆತುಂಬ ಅಳೆಯುವುದು ಬೇರೆ, ತಲೆ ಸವರಿ ಅಳೆಯುವುದು ಬೇರೆ. 1956ರ ಶಾಸನದ ಮೇರೆಗೆ 1958ರಿಂದ ಮೆಟ್ರಿಕ್ ತೂಕಗಳು ಕ್ರಮಕ್ರಮವಾಗಿ ಜಾರಿಗೆ ಬಂದು ಈ ಗೊಂದಲವನ್ನು ನಿವಾರಿಸಿದವು. ಈಗ ಪೊಟ್ಟಣಗಳು ಬೇರೊಂದು ಗೊಂದಲವನ್ನು ತಂದಿವೆ. ಹಲವು ಸಾಮಗ್ರಿಗಳನ್ನು ಗೊತ್ತಾದ ಅಳತೆಗಳಲ್ಲಿಯೇ ಕಟ್ಟಿ ಮಾರಬೇಕೆಂದಿದ್ದ ನಿಯಮವನ್ನು 2021ರ ತಿದ್ದುಪಡಿಯು ಸಡಿಲಿಸಿತು. ಗಾತ್ರದಲ್ಲಿ ಒಂದೇ ತೆರನಾಗಿ ಕಾಣುವ ಎರಡು ಪೊಟ್ಟಣಗಳಲ್ಲಿ ತೂಕ ಒಂದೇ ಆಗಿರಬೇಕಾಗಿಲ್ಲ. ಅದೇ ತಿದ್ದುಪಡಿಯು ಗ್ರಾಮಿಗೆ ಅಥವಾ ಕಿಲೋಗೆ ಬೀಳುವ ಬೆಲೆಯನ್ನೂ ಪೊಟ್ಟಣದ ಮೇಲೆ ನಮೂದಿಸಬೇಕೆಂದು ವಿಧಿಸಿತು. ಆ ಸಣ್ಣ ಅಕ್ಷರಗಳನ್ನು ಓದುವ ಶ್ರಮವನ್ನು ವಿದ್ಯಾವಂತರಾದರೂ ವಹಿಸಬೇಡವೇ? ಎಣ್ಣೆಯನ್ನು ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು: ಒಂದು ಲೀಟರು ಎಣ್ಣೆಯ ತೂಕ ಸುಮಾರು 910 ಗ್ರಾಂ ಮಾತ್ರ; ಲೀಟರನ್ನೂ ಕಿಲೋವನ್ನೂ ಒಂದೆಂದು ತಿಳಿದು ಬೆಲೆ ಹೋಲಿಸಬಾರದು. ಪೊಟ್ಟಣದ ಮೇಲೆ ಅಚ್ಚಾಗಿರುವುದು ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ಕಡಮೆಗೆ ಕೊಡಲು ಅಡ್ಡಿಯಿಲ್ಲ.

ಮೂರನೆಯದು, ಲೆಕ್ಕಕ್ಕೆ ಬರೆಯಿಸಿ ತರುವ ಅಭ್ಯಾಸ. ಇದು ಆಪತ್ಕಾಲದಲ್ಲಿ ಉಪಕಾರಿ; ನಿತ್ಯದ ವಾಡಿಕೆಯಾದರೆ ಸಂಕೋಲೆ. ಹಿಂದಿನ ಬಾಕಿಯಿರುವ ಅಂಗಡಿಯಲ್ಲಿ ಬೇಳೆಯಲ್ಲಿ ಕಲ್ಲಿದೆಯೆಂದು ಹೇಳಲು ನಾಲಿಗೆ ಏಳುವುದಿಲ್ಲ. ಬೆಲೆ ಹೆಚ್ಚಾಯಿತೆಂದು ಬೇರೆ ಅಂಗಡಿಗೆ ಹೋಗುವ ಸ್ವಾತಂತ್ರ್ಯವೂ ಇರುವುದಿಲ್ಲ.

ನಾಲ್ಕನೆಯದು, ಬೆಲೆಯನ್ನೂ ಪುಷ್ಟಿಯನ್ನೂ ಒಂದೇ ಎಂದು ಭ್ರಮಿಸದಿರುವುದು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ತೊಗರಿಬೇಳೆಯಲ್ಲಿಯೂ ಹೆಚ್ಚು ಕಡಮೆ ಅಷ್ಟೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ತ್ವವಿದ್ದರೆ, ಬಿಳಿಯ ಅಕ್ಕಿಯಲ್ಲಿ 10 ಮಿಲಿಗ್ರಾಮಿನ ಆಸುಪಾಸು. ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ 'ಇಂಡಾಫ್' ತಳಿಗಳನ್ನು ಹುಟ್ಟಿಸಿದರು. ಆ ತಳಿಗಳು ಇಳುವರಿಯನ್ನು ಬಹಳವಾಗಿ ಹೆಚ್ಚಿಸಿದವು. ವಾರದಲ್ಲಿ ಎರಡು ದಿನ ಮುದ್ದೆ ಹುರುಳಿಸಾರು ಮಾಡಿದರೆ ಖರ್ಚೂ ತಗ್ಗೀತು, ದೇಹಕ್ಕೂ ಹಿತವಾದೀತು.

ಐದನೆಯದು ಸಹಕಾರ. ಒಂದು ಸಂಸಾರಕ್ಕೆ ಒಂದು ಮೂಟೆ ಹೆಚ್ಚು. ನಾಲ್ಕು ಸಂಸಾರಗಳಿಗೆ ಹೆಚ್ಚಲ್ಲ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 1844ರಲ್ಲಿ 28 ಮಂದಿ, ಬಹುಪಾಲು ಕೂಲಿಯವರು, ಅಲ್ಪ ಬಂಡವಾಳದಿಂದ ಹಿಟ್ಟು, ಬೆಣ್ಣೆ, ಸಕ್ಕರೆಗಳ ಅಂಗಡಿಯನ್ನು ತೆರೆದು, ಲಾಭವನ್ನು ಕೊಂಡವರಿಗೇ ಕೊಂಡಷ್ಟರ ಪ್ರಮಾಣದಲ್ಲಿ ಹಂಚಿದರು. ನಮ್ಮ ನಾಡಿನಲ್ಲಿ ಗದುಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘವು ಹುಟ್ಟಿತು. ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರು 1959ರಲ್ಲಿ ಕಟ್ಟಿದ ಸಂಘವೇ ಹಾಪ್‌ಕಾಮ್ಸ್ ಆಗಿ ಬೆಳೆಯಿತು. ಅಂಥ ಸಂಘ ಸಮೀಪದಲ್ಲಿಲ್ಲದಿದ್ದರೆ ನೆರೆಹೊರೆಯ ನಾಲ್ಕು ಮನೆಯವರು ಕೂಡಿ ಸುಗ್ಗಿಯಲ್ಲಿ ರೈತನಿಂದಲೇ ರಾಗಿಯನ್ನು ತರಿಸಬಹುದು. ವ್ಯಾಪಾರಿ ಕೊಡುವುದಕ್ಕಿಂತ ತುಸು ಹೆಚ್ಚು ಕೊಟ್ಟರೂ, ಅಂಗಡಿಯ ಬೆಲೆಗಿಂತ ಕಡಮೆಯಾಗಲು ಅವಕಾಶವುಂಟು; ಬೆಳೆದವನಿಗೂ ಉಣ್ಣುವವನಿಗೂ ಒಳಿತು. ರೈತನನ್ನು ಹಿಂಡಿ ಮಾಡುವ ಉಳಿತಾಯವನ್ನು ಮಿತವ್ಯಯವೆಂದು ಕರೆಯಲಾಗದು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತು. ಬೆಲೆಯೇರಿದ ದಿನಗಳಲ್ಲಿ ಅನೇಕ ಮನೆಗಳಲ್ಲಿ ಒಂದು ಬಗೆಯ ಉಳಿತಾಯವು ಸದ್ದಿಲ್ಲದೆ ನಡೆಯುತ್ತದೆ. ಗಂಡನಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ಅತ್ತೆ ಮಾವಂದಿರಿಗೆ ಬಡಿಸಿ, ತಳದಲ್ಲಿ ಉಳಿದ ಸಾರಿನ ತಿಳಿಯೊಡನೆ ಗೃಹಿಣಿಯು ಊಟವನ್ನು ಮುಗಿಸುತ್ತಾಳೆ. ಬೇಳೆ ಅವಳ ಪಾಲಿಗೆ ಬರುವುದಿಲ್ಲ. ಹಾಲು ಮಜ್ಜಿಗೆಗಳೂ ಬರುವುದಿಲ್ಲ. ಈ ಉಳಿತಾಯವು ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣದು. ಅವಳ ರಕ್ತಹೀನತೆಯಲ್ಲಿ, ಅವಳು ಹೆರುವ ಕೂಸಿನ ತೂಕದಲ್ಲಿ ಅದು ಮುಂದೆ ಕಾಣುತ್ತದೆ. ಆದುದರಿಂದ ಲೆಕ್ಕವನ್ನು ಗಂಡಹೆಂಡಿರಿಬ್ಬರೂ ಕೂಡಿ ಬರೆಯಬೇಕು. ಏನನ್ನು ಕಡಮೆ ಮಾಡಬಹುದೆಂದು ಎಣಿಸುವ ಮೊದಲು, ಯಾರ ತಟ್ಟೆಯಲ್ಲಿ ಆಗಲೇ ಕಡಮೆಯಾಗಿದೆಯೆಂದು ನೋಡಬೇಕು.

ಒಂದು ತಿಂಗಳ ಮಟ್ಟಿಗೆ ಕೊಂಡುದನ್ನೂ ಚೆಲ್ಲಿದುದನ್ನೂ ಒಂದು ಪುಸ್ತಕದಲ್ಲಿ ಬರೆದಿಡಿರೆಂದು ಶ್ರೋತೃಗಳಲ್ಲಿ ಬಿನ್ನಹ. ಎಲ್ಲಿ ಉಳಿಸಬೇಕೆಂಬುದನ್ನು ಆ ಪುಸ್ತಕವು ಯಾವ ಭಾಷಣಕ್ಕಿಂತಲೂ ಸ್ಪಷ್ಟವಾಗಿ ತಿಳಿಸುವುದು. ಉಳಿದ ಹಣದಲ್ಲಿ ಮೊದಲನೆಯ ಪಾಲು ಮನೆಯಲ್ಲಿ ಕಡೆಗೆ ಉಣ್ಣುವವಳ ಬಟ್ಟಲಿಗೆ ಸಲ್ಲಲಿ.