ದೂರದ ಸುಳಿಗೆ ಎಂತಹ ಕಣ್ಣು?

ಸಪ್ತರ್ಷಿಮಂಡಲದ ಬಾಲದ ತುದಿಯಲ್ಲಿ ಮಿನುಗುವ ಮರೀಚಿ ನಕ್ಷತ್ರವನ್ನು ಮನೆಯ ಹಿರಿಯರು ಮಕ್ಕಳಿಗೆ ತೋರಿಸುತ್ತ ಬಂದಿದ್ದಾರೆ. ಅದರ ಸಮೀಪದಲ್ಲಿಯೇ ಬರಿಗಣ್ಣಿಗೆ ಗೋಚರಿಸದ ಒಂದು ಬೆಳಕಿನ ಸುಳಿಯುಂಟು. ಎರಡು ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆಯಿರುವ ಈ ನಕ್ಷತ್ರಲೋಕಕ್ಕೆ ‘ಎಂ 51’ ಎಂದು ಹೆಸರು. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ಆರು ಅಡಿ ವ್ಯಾಸದ ದರ್ಪಣವುಳ್ಳ ತನ್ನ ದೂರದರ್ಶಕದಲ್ಲಿ ಇದನ್ನು ನೋಡಿ, ಅದರ ಸುರುಳಿಯಾಕೃತಿಯನ್ನು ಕೈಯಿಂದಲೇ ಚಿತ್ರಿಸಿದನು. ಅಂದು ಒಬ್ಬ ಶ್ರೀಮಂತ ಪ್ರಭುವಿಗೆ ದಕ್ಕಿದ ದರ್ಶನ ಇಂದು ಎಂಟು ಅಂಗುಲದ ದೂರದರ್ಶಕವನ್ನೂ ಒಂದು ಕ್ಯಾಮೆರಾವನ್ನೂ ಉಳ್ಳ ಹವ್ಯಾಸಿಗೆ ಮನೆಯ ತಾರಸಿಯ ಮೇಲೆಯೇ ಲಭ್ಯವಾಗಿದೆ.

ಆದರೆ ಆ ಕ್ಯಾಮೆರಾ ಎಂತಹುದಿರಬೇಕು? ಸಂಸಾರದ ಖರ್ಚಿನ ನಡುವೆ ವರ್ಷಗಟ್ಟಲೆ ಕೂಡಿಟ್ಟ ಹಣದ ಪ್ರಶ್ನೆ ಇದು. ಮೆಗಾಪಿಕ್ಸೆಲ್ ಹೆಚ್ಚಿದಷ್ಟೂ ಚಿತ್ರ ಸ್ಫುಟವಾಗುವುದೆಂಬ ನಂಬಿಕೆಯಿಂದ ಹೊರಟವರು ಹಣವನ್ನು ಅಸ್ಥಾನದಲ್ಲಿ ಸುರಿಯುವ ಸಂಭವವೇ ಅಧಿಕ.

ಚುಕ್ಕಿಯ ಲೆಕ್ಕ

ಗಗನದಲ್ಲಿ ಅಗಲವನ್ನು ಅಳೆಯುವುದು ಕೋನದಿಂದ. ಒಂದು ಅಂಶಕ್ಕೆ 60 ಕಲೆ, ಒಂದು ಕಲೆಗೆ 60 ವಿಕಲೆ. ಚಂದ್ರಬಿಂಬದ ಅಗಲ ಸುಮಾರು 30 ಕಲೆ. ಎಂ 51 ಸುಮಾರು 11 ಕಲೆ. ಸೆನ್ಸರಿನ ಒಂದು ಪಿಕ್ಸೆಲ್ ಆಕಾಶದ ಎಷ್ಟು ವಿಕಲೆಗಳನ್ನು ಆವರಿಸುತ್ತದೆಂಬುದನ್ನು ತಿಳಿಯುವ ಸೂತ್ರ ಬಹು ಸರಳ. ಪಿಕ್ಸೆಲಿನ ಅಗಲವನ್ನು ಮೈಕ್ರಾನುಗಳಲ್ಲಿ ಹಿಡಿದು 206ರಿಂದ ಗುಣಿಸಿ, ದೂರದರ್ಶಕದ ಸಂಗಮದೂರದ ಮಿಲಿಮೀಟರುಗಳಿಂದ ಭಾಗಿಸಿದರೆ ಸಾಕು. ಎಂಟು ಅಂಗುಲದ ಪ್ರಸಿದ್ಧ ಶ್ಮಿಟ್-ಕ್ಯಾಸೆಗ್ರೇನ್ ದೂರದರ್ಶಕದ ಸಂಗಮದೂರ 2032 ಮಿಲಿಮೀಟರ್. ಅದಕ್ಕೆ 3.76 ಮೈಕ್ರಾನಿನ ಪಿಕ್ಸೆಲನ್ನು ಜೋಡಿಸಿದರೆ ಬರುವ ಉತ್ತರ 0.38 ವಿಕಲೆ.

ಇದು ಬಹು ಸೂಕ್ಷ್ಮವೆಂದು ಹಿಗ್ಗುವಂತಿಲ್ಲ. ನಮ್ಮ ತಲೆಯ ಮೇಲಿನ ವಾಯುಮಂಡಲ ಸದಾ ಕಂಪಿಸುತ್ತಿರುವುದರಿಂದ, ಬಿಂದುವಿನಂತಿರಬೇಕಾದ ನಕ್ಷತ್ರ ಸಾಧಾರಣ ಊರುಗಳಲ್ಲಿ ಎರಡರಿಂದ ನಾಲ್ಕು ವಿಕಲೆಗಳಷ್ಟು ಹರಡಿಕೊಳ್ಳುತ್ತದೆ. ಬೆರಳ ಸಂದಿಯಿಂದ ರಂಗೋಲಿಯ ಪುಡಿ ದಪ್ಪಗೆ ಸುರಿಯುತ್ತಿರುವಾಗ ಚುಕ್ಕಿಗಳನ್ನು ಎಷ್ಟು ಒತ್ತಾಗಿ ಇಟ್ಟರೇನು? ಗೆರೆ ತೆಳುವಾಗದು! ಹರಡಿದ ನಕ್ಷತ್ರಬಿಂಬದ ಅಗಲಕ್ಕೆ ಎರಡು ಮೂರು ಪಿಕ್ಸೆಲುಗಳು ಬಿದ್ದರೆ ಸಾಕು. ಬಿಂಬ ಮೂರು ವಿಕಲೆಯಾದರೆ ಪಿಕ್ಸೆಲಿಗೆ ಒಂದರಿಂದ ಒಂದೂವರೆ ವಿಕಲೆ ಸರಿಯಾದ ಅಳತೆ.

ಮೂವರು ಸೋದರಿಯರು

ಇಂದು ಹವ್ಯಾಸಿಗಳಲ್ಲಿ ಬಹಳ ಬಳಕೆಯಲ್ಲಿರುವ ಸೋನಿ ಐಎಂಎಕ್ಸ್ 533, 571, 455 ಎಂಬ ಮೂರು ಸೆನ್ಸರುಗಳಲ್ಲಿ ಮೆಗಾಪಿಕ್ಸೆಲುಗಳು ಕ್ರಮವಾಗಿ 9, 26 ಮತ್ತು 61. ಬೆಲೆಯೂ ಹಾಗೆಯೇ ಏರುತ್ತ ಹೋಗುತ್ತದೆ. ಕೌತುಕವೇನೆಂದರೆ, ಮೂರರಲ್ಲಿಯೂ ಪಿಕ್ಸೆಲ್ 3.76 ಮೈಕ್ರಾನೇ! ಎಂದ ಮೇಲೆ ಎಂ 51ರ ಸುರುಳಿಯಲ್ಲಿ ಕಾಣುವ ವಿವರ ಮೂರರಲ್ಲಿಯೂ ಒಂದೇ. ಬದಲಾಗುವುದು ಸುತ್ತಲಿನ ಬಯಲು ಮಾತ್ರ. ಈ ದೂರದರ್ಶಕದಲ್ಲಿ ಮೊದಲನೆಯದು 19 ಕಲೆ ಅಗಲದ ಚೌಕವನ್ನೂ, ಎರಡನೆಯದು 40ಕ್ಕೆ 27 ಕಲೆಯ ಆಯತವನ್ನೂ, ಮೂರನೆಯದು 61ಕ್ಕೆ 41 ಕಲೆಯ ಆಯತವನ್ನೂ ತೋರಿಸುತ್ತವೆ. ಹನ್ನೊಂದು ಕಲೆಯ ಸುಳಿಗೆ ಕಿರಿಯ ಸೋದರಿಯ ಅಂಗಳವೇ ಧಾರಾಳ. ಹಿರಿಯಳ ಮೂಲೆಗಳಿಗಾದರೋ ಈ ದೂರದರ್ಶಕದ ಬೆಳಕು ಪೂರ್ತಿಯಾಗಿ ತಲುಪುವುದಿಲ್ಲ. ಅಲ್ಲಿನ ನಕ್ಷತ್ರಗಳು ಬಾಲ ಬಂದಂತೆ ಸೊಟ್ಟಗಾಗುತ್ತವೆ.

ಹಾಗಾದರೆ 0.38 ವಿಕಲೆಯ ಅತಿಸೂಕ್ಷ್ಮತೆಗೆ ಪರಿಹಾರವೇನು? ಅಕ್ಕಪಕ್ಕದ ಪಿಕ್ಸೆಲುಗಳನ್ನು ಕೂಡಿಸಿ ಒಂದಾಗಿ ಎಣಿಸುವ ‘ಬಿನ್ನಿಂಗ್’ ಎಂಬ ಉಪಾಯವಿದೆ. ಮೂರಕ್ಕೆ ಮೂರು ಕೂಡಿಸಿದರೆ ಅಳತೆ 1.15 ವಿಕಲೆಯಾಗುತ್ತದೆ. 1969ರಲ್ಲಿ ಬೆಲ್ ಪ್ರಯೋಗಾಲಯದ ಬಾಯ್ಲ್ ಮತ್ತು ಸ್ಮಿತ್ ಕಂಡುಹಿಡಿದು, 2009ರಲ್ಲಿ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ಸಿಸಿಡಿ ಸೆನ್ಸರಿನಲ್ಲಿ ಹೀಗೆ ಕೂಡಿಸಿದ ಬೆಳಕನ್ನು ಒಮ್ಮೆಗೇ ಓದಬಹುದಾಗಿತ್ತು. ಇಂದಿನ ಸಿಮಾಸ್ ಸೆನ್ಸರಿನಲ್ಲಿ ಸಾಮಾನ್ಯವಾಗಿ ಪ್ರತಿ ಪಿಕ್ಸೆಲನ್ನೂ ಓದಿದ ನಂತರವೇ ಕೂಡಿಸಬೇಕು. ಒಂಬತ್ತು ಪಿಕ್ಸೆಲ್ ಸೇರಿದಾಗ ಬೆಳಕು ಒಂಬತ್ತು ಪಟ್ಟಾದರೆ, ಓದುವಾಗ ನುಸುಳುವ ಗದ್ದಲ ಮೂರು ಪಟ್ಟಾಗುತ್ತದೆ. ಆದರೂ ಆ ಗದ್ದಲ ಮೂಲದಲ್ಲಿಯೇ ಒಂದೆರಡು ಎಲೆಕ್ಟ್ರಾನುಗಳಷ್ಟಿರುವುದರಿಂದ ಚಿಂತೆಗೆ ಕಾರಣವಿಲ್ಲ.

ತಂಪು, ಬಣ್ಣ, ಗಾಳಿ

ಸೆನ್ಸರನ್ನು ತಂಪಾಗಿಡುವ ವ್ಯವಸ್ಥೆ ನಮ್ಮಂತಹ ಉಷ್ಣದೇಶದಲ್ಲಿ ಅತ್ಯಾವಶ್ಯಕ. ಉಷ್ಣತೆ ಆರೇಳು ಡಿಗ್ರಿ ಏರಿದರೆ, ಕತ್ತಲಲ್ಲಿಯೂ ತಾನಾಗಿ ಹುಟ್ಟುವ ವಿದ್ಯುತ್ತು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ವರ್ಣ ಸೆನ್ಸರಿನಲ್ಲಿ ಅರ್ಧ ಪಿಕ್ಸೆಲುಗಳು ಹಸಿರಿಗೂ ಕಾಲುಭಾಗ ಕೆಂಪಿಗೂ ಕಾಲುಭಾಗ ನೀಲಿಗೂ ಮೀಸಲು. ಏಕವರ್ಣ ಸೆನ್ಸರಿನಲ್ಲಿ ಎಲ್ಲ ಪಿಕ್ಸೆಲುಗಳೂ ಎಲ್ಲ ಬೆಳಕಿಗೂ ತೆರೆದಿರುತ್ತವೆ. ಆದರೆ ಶೋಧಕಗಳನ್ನು ಬದಲಿಸುತ್ತ ಬಣ್ಣಬಣ್ಣಕ್ಕೂ ಬೇರೆ ಬೇರೆ ಚಿತ್ರ ತೆಗೆಯಬೇಕು. ತಿಂಗಳಿಗೆ ಎರಡು ಮೂರು ರಾತ್ರಿ ಮಾತ್ರ ಬಿಡುವಾಗುವ ಗೃಹಸ್ಥನಿಗೆ ವರ್ಣ ಸೆನ್ಸರೇ ಅನುಕೂಲ.

ಎಂತಹ ಸೆನ್ಸರೂ ಗಾಳಿಯನ್ನು ಗೆಲ್ಲಲಾರದು. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ ತನ್ನ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿ ಸ್ಥಾಪಿಸಿ, ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸುತ್ತಿರುವುದು ಅಲ್ಲಿನ ಒಣಹವೆಗಾಗಿ, ನಿರ್ಮಲ ಆಕಾಶಕ್ಕಾಗಿ. ಹವ್ಯಾಸಿ ಹಾನ್ಲೆಗೆ ಹೋಗಬೇಕಾಗಿಲ್ಲ. ಚಿಕ್ಕ ಸೆನ್ಸರಿನಿಂದ ಉಳಿದ ಹಣವನ್ನು, ನಕ್ಷತ್ರಗಳ ಚಲನೆಯನ್ನು ತಪ್ಪದೆ ಹಿಂಬಾಲಿಸುವ ಗಟ್ಟಿಯಾದ ಪೀಠಕ್ಕೂ, ಊರಿನ ದೀಪಗಳಿಂದ ದೂರ ಹೋಗುವ ಪ್ರಯಾಣಕ್ಕೂ ವಿನಿಯೋಗಿಸಿದರೆ ಫಲ ಹೆಚ್ಚು.

ಕೊಳ್ಳುವ ಮುನ್ನ ಸ್ನೇಹಿತರ ಕ್ಯಾಮೆರಾವನ್ನಾದರೂ ಎರವಲು ಪಡೆದು, ತಮ್ಮೂರಿನ ಆಕಾಶದಲ್ಲಿ ನಕ್ಷತ್ರಬಿಂಬ ಎಷ್ಟು ವಿಕಲೆ ಹರಡುತ್ತದೆಂದು ಕೆಲವು ರಾತ್ರಿ ಅಳೆದು ನೋಡುವುದು ಲೇಸು. ಏಪ್ರಿಲ್ ತಿಂಗಳಲ್ಲಿ ನಡುರಾತ್ರಿಯ ಸುಮಾರಿಗೆ ಎಂ 51 ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ 56 ಅಂಶಗಳಷ್ಟು ಮೇಲೇರಿರುತ್ತದೆ. ಮುಂಗಾರಿನ ಮೋಡ ಕವಿಯುವುದರೊಳಗೆ ಆ ಅಳತೆಯನ್ನು ಮುಗಿಸಿಕೊಂಡವರು ಅಂಗಡಿಯ ಮುಂದೆ ತಬ್ಬಿಬ್ಬಾಗಬೇಕಾಗಿಲ್ಲ.